ಓಮ್ನಿ ಹಿಂದಿನ ಬ್ರೇಕ್ ಹಿಡೀವಲ್ದು: ಪಾಸಿಂಗ್‌ಗಿಂತ ಮೊದ್ಲ ಬಿಚ್ಚಿ ನೋಡಿದ ಕಥಿ

ನಮ್ಮ ಮನ್ಯಾಗ ಒಂದ್ ಮಾರುತಿ ಓಮ್ನಿ ಐತಿ, 2010ರ ಮಾಡೆಲ್, ಕೆಎ 28, ಬಣ್ಣ ಬಿಳಿ ಅಂತ ಆರ್‌ಸಿ ಒಳಗ ಬರದಾರ, ಈಗ ಹತ್ರ ನಿಂತ್ ನೋಡಿದ್ರ ಎರಿ ಹೊಲದ ಬಣ್ಣ. ಅಪ್ಪ ಇಂಡಿ ಕಡೆ ತ್ವಾಟದಿಂದ ಲಿಂಬಿಕಾಯಿ ಚೀಲ ಹೇರ್ಕೊಂಡ್ ವಿಜಯಪುರಕ್ಕ ತರೋದು ಇದ್ರಾಗ, ಅವ್ವ ಸಿದ್ಧೇಶ್ವರ ಗುಡಿಗೆ ಹೋಗೋದು ಇದ್ರಾಗ, ನಾ ಗಾಡಿ ಕಲ್ತಿದ್ದೂ ಇದ್ರಾಗ, ಹಿಂಗಾಗಿ ಇದನ್ನ ಮಾರೋ ಮಾತ್ ತಗದ್ರ ಮನ್ಯಾಗ ಎಲ್ಲಾರೂ ಗಪ್ ಆಗ್ತಾರ. 15 ವರ್ಷ ಮುಗ್ಯಾಕ ಬಂತು, ಫಾರ್ಮ್ 25 ತುಂಬಿ ಆರ್‌ಟಿಒದಾಗ ಗಾಡಿ ತೋರ್ಸಬೇಕು, ಪಾಸ್ ಆದ್ರ ಇನ್ನ 5 ವರ್ಷ ರೋಡ್ ಮ್ಯಾಲ ಇರ್ತೈತಿ. ಅವಧಿ ಮುಗ್ಯೂದಕ್ಕ 60 ದಿನ ಮೊದ್ಲ ಅರ್ಜಿ ಹಾಕಾಕ ಬರ್ತೈತಿ, ನಾವು ಎಷ್ಟ್ ದಿನ ಇದ್ದಾಗ ಎದ್ವಿ ಅಂತ ಕೇಳಬ್ಯಾಡ್ರಿ.

ಲೈಟು, ಹಾರನ್ನು, ವೈಪರ್, ಇಂಡಿಕೇಟರ್ ಎಲ್ಲಾ ಒಂದ್ ಮುಂಜಾನ್ಯಾಗ ನೋಡಿ ಮುಗಸ್ದೆ. ಬ್ರೇಕ್ ಅಂತೂ ಹಿಡೀತಾವು ಬಿಡು ಅಂತ ನನ್ನ ತಲ್ಯಾಗ ಇತ್ತು. ಆಮ್ಯಾಲೆ ರೈಲ್ವೆ ಬ್ರಿಜ್ ಏರಿನ ಮ್ಯಾಲ ಟ್ರಾಫಿಕ್ ನಿಂತಾಗ ಹ್ಯಾಂಡ್‌ಬ್ರೇಕ್ ಎಳದ್ ಕಾಲ್ ತಗದೆ ನೋಡ್ರಿ, ಗಾಡಿ ಹಗೂರ್ಕ ಹಿಂದ್ ಸರಿಯಾಕತ್ತು, ಹಿಂದ ಒಬ್ಬಾವ ಬೈಕ್ ಮ್ಯಾಲ ಕುಂತ್ ಏ ಏ ಏ ಅಂತ ಒದರಾಕತ್ತಿದ್ದ, ನಾ ಲಿವರ್ ಕರ್ರ್ ಕರ್ರ್ ಅಂತ ಒಂಬತ್ ಹಲ್ಲ್ ಎಳದಿದ್ದೆ, ಇನ್ನ ಎಳದ್ರ ಲಿವರ್ ಕೈಗೇ ಬರ್ತಿತ್ತು. ಅವತ್ತ ಸಂಜೀಕ ಗೊತ್ತಾತು, ಇದು ಬರೀ ಕೇಬಲ್ಲಿನ ಕಥಿ ಅಲ್ಲ ಅಂತ.

ಇಲ್ಲಿ ಒಂದ್ ಮಾತ್ ಹೇಳ್ಬೇಕು. ಹಿಂದಿನ ಬ್ರೇಕ್ ಕೆಟ್ಟಿದ್ದು ಬರೀ ಪೆಡಲ್ ಒತ್ತಿದ್ರ ಲಗೂನ ಗೊತ್ತಾಗಂಗಿಲ್ಲ. ಯಾಕಂದ್ರ ಬ್ರೇಕ್ ಹಾಕಿದ ಕೂಡ್ಲೆ ಗಾಡಿ ಭಾರ ಎಲ್ಲಾ ಮುಂದ್ ಬರ್ತೈತಿ, ಮುಂದಿನ ಡಿಸ್ಕ್ ಚಲೋ ಇದ್ರ ಅವಾ ಹೆಂಗರ ಮಾಡಿ ನಿಂದ್ರಸ್ತಾವು, ಅದ್ರಾಗೂ ಖಾಲಿ ಓಮ್ನಿ ಹಿಂದ್ ಭಾಳ ಹಗರ. ಆದ್ರ ಹಿಂದ್ ಹತ್ತ್ ಚೀಲ ಲಿಂಬಿಕಾಯಿ ಇದ್ದಾಗ ಕಥಿ ಬ್ಯಾರೆನ ಆಗ್ತೈತಿ. ಹ್ಯಾಂಡ್‌ಬ್ರೇಕ್ ಅನ್ನೋದು ಹಿಂದಿನ ಎರಡೂ ಗಾಲಿಗೆ ಅಷ್ಟ ಸಂಬಂಧ, ಹಿಂಗಾಗಿ ಹಿಂದಿನ ಬ್ರೇಕ್ ಪರೀಕ್ಷಾ ಮಾಡಾಕ ಅದಕ್ಕಿಂತ ಪುಕ್ಕಟ ಉಪಾಯ ಇಲ್ಲ.

ಮರದಿನ ಬಿಚ್ಚೂಕಿಂತ ಮೊದ್ಲ ಒಂದ್ ತಾಸು ಬರೀ ನೋಡೋದ್ರಾಗ ಕಳದೆ. ನಮ್ಮ ಕಾಕಾ ಬಂದ್ ನಿಂತ್ "ಶೂ ಹೋಗ್ಯಾವ ಬಿಡೋ, ಹಾಕ್ಸಿ ಬಿಡು" ಅಂದ. ಶೂ ಅಂದ್ರ ಗಾಲಿ ಜೋಡಿ ತಿರಗೋ ಕಬ್ಬಿಣದ ಡ್ರಮ್ ಒಳಗ ತಿಕ್ಕಿ ಗಾಲಿ ನಿಂದ್ರಸೋ ಬ್ರೇಕಿನ ಪಟ್ಟಿ. ಹೋದ ವರ್ಷಾನೂ ಹಿಂಗ ಅಂದ್ ಒಂದ್ ಗ್ಯಾರೇಜ್‌ನ್ಯಾಗ ಶೂ ಹಾಕ್ಸಿದ್ವಿ, ಅವೂ ಒಂದ್ ವರ್ಷದಾಗ ಹೋದ್ವು ಅಂದ್ರ ತಪ್ಪು ಶೂದ್ದಲ್ಲ. ಅದಕ್ಕ ಈ ಸಲ ಶೂ ಯಾಕ ಹೋದ್ವು ಅನ್ನೋದ ಹುಡಕೂದು ಅಂತ ಕುಂತೆ.

ಮೊದ್ಲ ಪೆಡಲ್. ಒಂದ್ ಸಲ ಒತ್ತಿದ್ರ ಅರ್ಧಕ್ಕಿಂತ ತೆಳಗ ಹೋಗ್ತೈತಿ, ಬಿಟ್ಟು ಲಗೂನ ಎರಡನೇ ಸಲ ಒತ್ತಿದ್ರ ಮ್ಯಾಲೆ ಗಟ್ಟಿ ನಿಂದರ್ತೈತಿ. ಹಿಂಗ ಆದ್ರ ಶೂ ಮತ್ತ ಡ್ರಮ್ ನಡಕ ಗ್ಯಾಪ್ ಜಾಸ್ತಿ ಆಗೇತಿ ಅಂತ ಅರ್ಥ. ಪೆಡಲ್ ಸ್ಪಂಜಿನ ಗತೆ ಮೆತ್ತಗ ಅನಸಿದ್ರ ಬ್ರೇಕ್ ಆಯಿಲ್ ಲೈನ್‌ನ್ಯಾಗ ಗಾಳಿ ಐತಿ. ಒತ್ತಿ ಹಿಡಕೊಂಡ್ರ ಹಗೂರ್ಕ ತೆಳಗ ಇಳೀತಾ ಹೋದ್ರ, ಹೊರಗ ಎಲ್ಲೂ ಸೋರವಲ್ದು ಅಂದ್ರ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ದೂಕೋ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗೇತಿ. ನನ್ನದು ಇಳೀಲಿಲ್ಲ, ಮೆತ್ತಗೂ ಇರ್ಲಿಲ್ಲ, ಅಂದ್ರ ಗ್ಯಾಪ್. ಡಬ್ಬ್ಯಾಗ ಆಯಿಲ್ ಮ್ಯಾಕ್ಸ್ ಗೆರಿಗಿಂತ ಒಂದ್ ಬೆರಳ ತೆಳಗ ಇತ್ತು, ಮುಂದಿನ ಪ್ಯಾಡ್ ಸವದಿದ್ದಕ್ಕ ಅಷ್ಟ್ ಇಳ್ಯೂದು ಸಹಜ.

ಆಮ್ಯಾಲೆ ಗಾಡಿ ತಗೊಂಡ್ ಅಥಣಿ ರೋಡಿಗೆ ಹೋಗಿ ಒಂದ್ ಆರೇಳ್ ಕಿಲೋಮೀಟರ್ ಹೊಡದೆ, ಆಗಾಗ ಬ್ರೇಕ್ ಹಾಕ್ಕೋತ. ನಿಂದ್ರಿಸಿ ನಾಕೂ ಗಾಲಿ ಹತ್ರ ಕೈ ಒಯ್ದು ನೋಡ್ದೆ, ಮುಟ್ಟಲಿಲ್ಲ, ಸುಡ್ತೈತಿ, ಹತ್ರ ಅಷ್ಟ. ಮುಂದಿನವು ಝಳ ಹೊಡ್ಯಾಕತ್ತಿದ್ವು. ಹಿಂದ್ ಬಲಕ್ಕ ಉಗರಬೆಚ್ಚಗ. ಹಿಂದ್ ಎಡಕ್ಕ ಮನ್ಯಾನ ಗಡಿಗಿ ಗತೆ ತಣ್ಣಗ. ಎರಡೂ ಹಿಂದಿನ ಗಾಲಿ ಕೆಲಸ ಮಾಡವಲ್ವು, ಆದ್ರ ಒಂದ ಕಾರಣಕ್ಕಲ್ಲ, ಇದು ಇಲ್ಲೇ ಸುಳಿವು ಸಿಕ್ತು.

ಆಮ್ಯಾಲೆ ಜಾಕ್. ಇದನ್ನ ಓದಿ ಯಾರರ ಓಮ್ನಿ ಎತ್ತೋರಿದ್ರ ಇದೊಂದ್ ಲಕ್ಷ್ಯ ಇಟ್ಟ್ ಕೇಳ್ರಿ. ಓಮ್ನಿ ಹಿಂದಿನ ಗಾಲಿ ಓಡ್ಸೋ ಗಾಡಿ, ನಡಕ ಡಿಫರೆನ್ಶಿಯಲ್ ಐತಿ, ಅಂದ್ರ ಎರಡೂ ಹಿಂದಿನ ಗಾಲಿಗೆ ಎಂಜಿನ್ ಬಲ ಹಂಚೋ ಗೇರ್ ಗುಂಡು. ಹಿಂದಿನ ಒಂದ್ ಗಾಲಿ ಎತ್ತಿದ್ರ ಗೇರ್‌ನ್ಯಾಗ ಹಾಕಿಟ್ರೂ ಗಾಡಿ ನಿಂದ್ರಂಗಿಲ್ಲ, ಎತ್ತಿದ ಗಾಲಿ ಗರಗರ ತಿರಗ್ತೈತಿ, ನೆಲದ ಮ್ಯಾಲಿಂದು ಉರುಳ್ತೈತಿ. ಉಳದಿದ್ದು ಹ್ಯಾಂಡ್‌ಬ್ರೇಕ್, ಅದ ಇಲ್ಲಿ ರೋಗಿ. ಹಿಂಗಾಗಿ ಮುಂದಿನ ಎರಡೂ ಗಾಲಿಗೆ ಹಿಂದ್-ಮುಂದ್ ದಪ್ಪನ್ನ ಕಲ್ಲ್ ಕೊಟ್ಟೆ, ಆಕ್ಸಲ್ ತೆಳಗ ಸ್ಟ್ಯಾಂಡ್ ಕೊಟ್ಟೆ, ಬರೀ ಜಾಕ್ ಮ್ಯಾಲ ಬಿಟ್ಟು ಒಳಗ ತಲಿ ಹಾಕ್ಲಿಲ್ಲ.

ಅಕ್ಕನ ಮಗನ್ನ ಒಳಗ ಕುಂದ್ರಿಸಿ ಗೇರ್ ನ್ಯೂಟ್ರಲ್ ಮಾಡಿ ಬ್ರೇಕ್ ಒತ್ತಂದೆ. ಬಲಗಾಲಿ ಮೊದಲ್ನೇ ಸಲ ಒತ್ತಿದಾಗ ಕೈಲೆ ತಿರಗ್ತು, ಪಂಪ್ ಮಾಡಿ ಎರಡನೇ ಸಲ ಒತ್ತಿದಾಗ ಗಚ್ಚಂತ ಹಿಡಕೊಂತು. ಎಡಗಾಲಿ ಎಷ್ಟ್ ಪಂಪ್ ಮಾಡಿದ್ರೂ, ಎರಡೂ ಕೈ ಹಾಕಿ ಜಗ್ಗಿದ್ರ, ಬೆಣ್ಣಿ ಹಚ್ಚಿದಂಗ ಜಾರಕೋತ ತಿರಗ್ತು. ಅಲ್ಲಿಗೆ ಬಿಚ್ಚೂಕಿಂತ ಮೊದ್ಲ ಅರ್ಧ ಉತ್ತರ ಸಿಕ್ತು: ಬಲಕ್ಕ ಗ್ಯಾಪ್, ಎಡಕ್ಕ ಜಾರಿಕಿ.

ಎಡಗಡೆ ಡ್ರಮ್ ತಗ್ಯಾಕ ಕಷ್ಟ ಆಗ್ಲಿಲ್ಲ. ಓಮ್ನಿ ಡ್ರಮ್ ಮ್ಯಾಲ 8 ಎಂಎಂ ಬೋಲ್ಟ್ ಹಿಡಿಸೋ ಎರಡು ಥ್ರೆಡ್ ತೂತು ಇರ್ತಾವು, ಅದ್ರಾಗ ಬೋಲ್ಟ್ ಹಾಕಿ ಇದೊಂದ್ ಸುತ್ತು ಅದೊಂದ್ ಸುತ್ತು ಬಿಗೀತಾ ಹೋದ್ರ ಡ್ರಮ್ ತಾನ ಹೊರಗ ಬರ್ತೈತಿ, ಸುತ್ತಗಿ ಬ್ಯಾಡ. ಬಂದ ಕೂಡ್ಲೆ ವಾಸನಿ. ಒಳಗ ಎಲ್ಲಾ ಕರಿ ರಾಡಿ, ಶೂ ಮ್ಯಾಲ ಮಿರಮಿರ ಹೊಳ್ಯಾಕತ್ತಿತ್ತು, ಡ್ರಮ್ ಒಳಗ ಬೆರಳ ಎಳದ್ರ ಕಾಡಿಗಿ ಗತೆ ಹತ್ತಾಕತ್ತು.

ಓಣ್ಯಾಗ ನಮಗ ಗುರ್ತಿನ ಮೆಕ್ಯಾನಿಕ್ ಚಾಚಾ ಒಬ್ರು ಅದಾರ, ಚಾ ಕುಡ್ಯಾಕ ಹೊಂಟಾವ್ರು ಬಗ್ಗಿ ನೋಡಿ "ವೀಲ್ ಸಿಲಿಂಡರ್ ಲೀಕ್ ಐತಿ ಬೇಟಾ" ಅಂದ್ರು. ನೂರಕ್ಕ ಎಂಬತ್ ಮಂದಿ ಅದನ್ನ ಅಂತಾರ, ನಾನೂ ಅದನ್ನ ಅಂದ್ಕೊಂಡಿದ್ದೆ. ಆದ್ರ ಆ ಸಿಲಿಂಡರ್, ಅಂದ್ರ ಪೆಡಲ್ ಒತ್ತಿದಾಗ ಶೂ ಹೊರಗ ದೂಕೋದು, ಅದ್ರ ಎರಡೂ ಕಡೆ ಇರೋ ರಬ್ಬರ್ ಟೊಪ್ಪಿಗಿ ಸಣ್ಣ ಸ್ಕ್ರೂಡ್ರೈವರ್‌ಲೆ ಎತ್ತಿ ನೋಡಿದ್ರ ಒಳಗ ಒಣ ಖಡಕ್. ಹೊರಗ ಆಯಿಲ್, ಒಳಗ ಒಣ, ಇದೆಂಗ?

ಒಂದ್ ಸ್ಟೀಲ್ ತಾಟ್ ತಗೊಂಡು, ಅವ್ವಗ ಹೇಳ್ಲಿಲ್ಲ, ಅದ್ರಾಗ ನೀರ್ ಹಾಕ್ದೆ. ಒಂದ್ ಕಡೆ ಡಬ್ಬ್ಯಾನ ಬ್ರೇಕ್ ಆಯಿಲ್ ಒಂದ್ ಹನಿ, ಇನ್ನೊಂದ್ ಕಡೆ ಡ್ರಮ್‌ನ್ಯಾನ ರಾಡಿ ಒಂದ್ ಹನಿ. ಬ್ರೇಕ್ ಆಯಿಲ್ ನೀರಾಗ ಸಕ್ರಿ ಪಾಕದಂಗ ಕರಗಿ ಹೋತು, ಯಾಕಂದ್ರ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿ, ನೀರ್ ಕುಡ್ಯೂದ ಅವುಗಳ ಗುಣ. ರಾಡಿ ಹನಿ ಮ್ಯಾಲ ತೇಲಿ ಕಾಮನಬಿಲ್ಲ್ ಬಿಡ್ತು. ಮೂಗಿಗೆ ಹಿಡದ್ರ ಕೊಳತ ತತ್ತಿ ಗತೆ ಗಂಧಕದ ನಾತ. ಅದು ಗೇರ್ ಆಯಿಲ್, ನಾವು 90 ನಂಬರ್ ಅಂತೀವಲ್ಲ ಅದು. ಡಿಫರೆನ್ಶಿಯಲ್‌ನ್ಯಾನ ಆಯಿಲ್ ಆಕ್ಸಲ್ ಕೊಳಿವಿ ಒಳಗಿಂದ ಹರದ್ ಬಂದು, ತುದಿಗೆ ಆಯಿಲ್ ತಡ್ಯೋ ರಬ್ಬರ್ ಬಳಿ, ಅಂದ್ರ ಆಯಿಲ್ ಸೀಲ್, ದಾಟಿ ಡ್ರಮ್‌ನ್ಯಾಗ ಬಿದ್ದಿತ್ತು. ಚಾಚಾಗ ತಾಟ್ ತೋರಿಸ್ದೆ, ಅವ್ರು ಮೂಸಿ ನೋಡಿ "ಹಾಂ, ಸೀಲ್" ಅಂದ್ರು, ಅಷ್ಟ, ಚಾ ಕುಡ್ಯಾಕ ಹೋದ್ರು.

ಹೋದ ವರ್ಷ ಶೂ ಹಾಕಿದಾವ್ರು ಈ ರಾಡಿ ನೋಡಿರ್ಲೇಬೇಕು. ಒರಸಿ ಹೊಸಾ ಶೂ ಹಾಕಿ ಕಳ್ಸ್ಯಾರ. ಇಷ್ಟ ಆಗಿದ್ರ ಇರ್ಲಿ ಅಂತಿದ್ದೆ, ಬಲಗಡೆ ಅವ್ರು ಮಾಡಿದ್ದು ಇನ್ನೂ ಚಂದ.

ಬಲಗಡೆ ಡ್ರಮ್ ಬೋಲ್ಟ್ ಹಾಕಿ ಬಿಗದ್ರೂ ಅರ್ಧ ಇಂಚ್ ಬಂದ್ ಸಿಕ್ಕೊಂತು. ಡ್ರಮ್ ಅಂಚಿನ್ಯಾಗ ಶೂ ತಿಕ್ಕದ ಜಾಗಾ ಬದು ಗತೆ ಎದ್ ನಿಂತಿರ್ತೈತಿ, ಶೂ ಅದಕ್ಕ ತಟ್ಟಿ ನಿಂದರ್ತಾವು. ಜಗ್ಗಿದ್ರ ಶೂ ಪಿನ್ ಮುರೀತಾವು. ಹ್ಯಾಂಡ್‌ಬ್ರೇಕ್ ಕೇಬಲ್ ನಟ್ ಪೂರಾ ಸಡಲ್ ಬಿಟ್ಟ್ ಮ್ಯಾಲ ಡ್ರಮ್ ಕೈಗೆ ಬಂತು. ಆಗ ಕಂಡಿದ್ದೇನಂದ್ರ ಕೇಬಲ್ ಕೊನೀ ಥ್ರೆಡ್ ತನಕ ಬಿಗದಿತ್ತು. ಶೂ ನಡಕ ಇರೋ ಅಡ್ಜಸ್ಟರ್ ತುಕ್ಕ್ ಹಿಡದ್ ಜಾಮ್ ಆಗಿತ್ತು, ಅದನ್ನ ಬಿಡಿಸೋದ್ ಬಿಟ್ಟು, ಹ್ಯಾಂಡ್‌ಬ್ರೇಕ್ ಮ್ಯಾಲ ಬರಾಕತ್ತೈತಿ ಅಂದಕೂಡ್ಲೆ ಕೇಬಲ್ ಬಿಗದ್ ಕೊಟ್ಟಾರ.

ಇದು ಭಾಳ ಮಂದಿ ಮಾಡೋ ತಪ್ಪು, ಜರಾ ಬಿಡಿಸಿ ಹೇಳ್ತೀನಿ. ಶೂ ಸವದಂಗ ಅಡ್ಜಸ್ಟರ್ ತಾನ ಒಂದೊಂದ್ ಹಲ್ಲ್ ಮುಂದ್ ಸರದು ಗ್ಯಾಪ್ ತುಂಬಬೇಕು. ಕೇಬಲ್ ಬಿಗಿ ಇದ್ರ ಒಳಗಿನ ಲಿವರ್ ಮೊದ್ಲ ಅರ್ಧ ಎಳಕೊಂಡ್ ಕುಂತಿರ್ತೈತಿ, ಅದು ಪೂರಾ ಹಿಂದ್ ಬಂದ್ರ ಅಷ್ಟ ಅಡ್ಜಸ್ಟರ್ ಸರಿಯಾಗ್ ಆಡ್ತೈತಿ. ಹಿಂಗಾಗಿ ಕೇಬಲ್ ಬಿಗದಷ್ಟೂ ಅಡ್ಜಸ್ಟರ್ ಕೈ ಕಟ್ಟಿ ಹಾಕಿದಂಗ. ನಾಕ್ ದಿನ ಹ್ಯಾಂಡ್‌ಬ್ರೇಕ್ ಚಲೋ ಅನಸ್ತೈತಿ, ಪೆಡಲ್ ಮಾತ್ರ ದಿನಾ ತೆಳಗ ಹೋಗ್ತೈತಿ. ಕೇಬಲ್ ಅನ್ನೋದು ಕೊನೀಗೆ ಮುಟ್ಟೂ ವಸ್ತು. ಮೊದ್ಲ ಮುಟ್ಟಿದ್ರ ರೋಗ ಮುಚ್ಚಿಕೋತೈತಿ.

ಇನ್ನ ಸೀಲ್ ಯಾಕ ಹೋತು? ಹಳೇದಾಗೇತಿ, ರಬ್ಬರ್ ಗಟ್ಟಿ ಆಗೇತಿ, ಅದು ಖರೆ. ಆದ್ರ ಆಕ್ಸಲ್ ಕೊಳಿವಿ ಮ್ಯಾಲ ಒಂದ್ ಸಣ್ಣ ಬ್ರೀದರ್ ಇರ್ತೈತಿ, ಹೆಬ್ಬೆಟ್ಟಿನ ಉಗರಷ್ಟ್ ಟೊಪ್ಪಿಗಿ. ಓಡಿ ಓಡಿ ಆಯಿಲ್ ಕಾದಾಗ ಒಳಗಿನ ಗಾಳಿ ಹಿಗ್ಗಿ ಅದ್ರಾಗಿಂದ ಹೊರಗ ಹೋಗ್ಬೇಕು. ತೆಳಗ ಮಲಗಿ ಹುಡಕಿದ್ರ ಅದು ಕಾಣ್ಲೇ ಇಲ್ಲ, ಅಲ್ಲಿ ಇದ್ದಿದ್ದು ಎರಿ ಮಣ್ಣಿನ ಹೆಂಟಿ. ನಮ್ಮ ಕಡೆ ಎರಿ ಮಣ್ಣು ಮಳ್ಯಾಗ ಅಂಟ್ ಆಗಿ ಹತ್ತತೈತಿ, ಬ್ಯಾಸಗ್ಯಾಗ ಒಣಗಿ ಸಿಮೆಂಟ್ ಆಗ್ತೈತಿ, ಅಪ್ಪ ಗಾಡಿ ಹೊಲದಾಗ ತ್ವಾಟದ ಬದುವಿನ ತನಕ ಒಯ್ತಾನ. ಮಣ್ಣ್ ಕೆತ್ತಿ ಬ್ರೀದರ್ ಬಿಚ್ಚಿ ಬಾಯಿ ಹಚ್ಚಿ ಊದಿದ್ರ ಗಾಳಿ ಹೋಗವಲ್ದು, ಗಲ್ಲ ಉಬ್ಬಿದ್ವು ಅಷ್ಟ. ಗಾಳಿಗೆ ಹೋಗಾಕ ದಾರಿ ಇಲ್ಲ ಅಂದ್ರ ಅದು ಸೀಲ್ ತುಟಿ ಎತ್ತಿ ಆಯಿಲ್ ಸಮೇತ ಹೊರಗ ಬರ್ತೈತಿ. ಇದನ್ನ ಬಿಟ್ಟು ಬರೀ ಸೀಲ್ ಹಾಕಿದ್ರ ಮುಂದಿನ ವರ್ಷ ಮತ್ತ ತಾಟ್ ತರ್ಬೇಕಿತ್ತು.

ಕೆಲಸ ಶುರು ಮಾಡ್ದೆ. ಡಿಫರೆನ್ಶಿಯಲ್ ಆಯಿಲ್ ಇಳಸೂಕಿಂತ ಮೊದ್ಲ ತುಂಬೋ ಬೋಲ್ಟ್ ಬಿಚ್ಚಿ ನೋಡ್ರಿ. ತೆಳಗಿಂದ್ ಬಿಚ್ಚಿ ಎಲ್ಲಾ ಸುರುವಿ ಆಮ್ಯಾಲೆ ಮ್ಯಾಲಿಂದ್ ಬಿಚ್ಚವಲ್ದು ಅಂದ್ರ ಗಾಡಿ ಅಲ್ಲೇ ಕುಂತ್ಕೋತೈತಿ, ನನ್ನ ದೋಸ್ತಂದು ಒಂದ್ಸಲ ಹಂಗ ಕುಂತಿತ್ತು.

ಬ್ರೇಕ್ ಪೈಪ್ ಬಿಚ್ಚೋವಾಗ ನಾ ಒಂದ್ ದಡ್ಡತನ ಮಾಡ್ದೆ. ಸಿಲಿಂಡರ್ ಹಿಂದಿನ 10 ನಂಬರ್ ನಟ್‌ಗೆ ಸಾದಾ ಬಾಯಿ ಪಾನಾ ಹಾಕಿ ಜಗ್ಗಿದೆ, ಮೆತ್ತನ್ನ ನಟ್, ಮೂಲಿ ಸವದು ದುಂಡಗ ಆತು. ಅದಕ್ಕ ಅಂತ ಆರೂ ಮೂಲಿ ಹಿಡ್ಯೋ ಪಾನಾ ಬರ್ತೈತಿ, ಪೈಪ್ ಹೋಗಾಕ ಒಂದ್ ಸೀಳು ಇರ್ತೈತಿ, ಗೊತ್ತಿದ್ದೂ ಹಟ ಮಾಡ್ದೆ. ಭಾನುವಾರ, ಅಂಗಡಿ ಬಂದ್. ಪಕ್ಕಡ್‌ಲೆ ಹಿಡದ್ ಬಿಚ್ಚಿ, ಸೋಮವಾರ ಗಾಂಧಿ ಚೌಕ್ ಕಡೆ ಹೋಗಿ ಹೊಸಾ ಪೈಪ್ ತಂದೆ.

ಸೀಲ್ ಬದಲಿ ಮಾಡಾಕ ಗಾಲಿ ತಿರಗಸೋ ಆಕ್ಸಲ್ ಶಾಫ್ಟ್ ಎಳೀಬೇಕು, ಶೂ ಕುಂದ್ರೋ ಬ್ಯಾಕ್ ಪ್ಲೇಟ್ ನಟ್ ಬಿಚ್ಚಿದ್ರೂ ಅದು ಕೈಲೆ ಬರಂಗಿಲ್ಲ, ಬೇರಿಂಗ್ ಕೊಳಿವಿ ಒಳಗ ಗಟ್ಟಿ ಕುಂತಿರ್ತೈತಿ. ಜಗ್ಗಿ ಬಡದು ಹೊರಗ ಎಳ್ಯೋ ಸ್ಲೈಡ್ ಹ್ಯಾಮರ್ ಅನ್ನೋ ಹತಾರ ನನ್ನ ಹತ್ರ ಇಲ್ಲ. ಚಾಚಾ ಒಂದ್ ಉಪಾಯ ಹೇಳಿಕೊಟ್ರು: ಹಳೇ ಡ್ರಮ್ ಉಲ್ಟಾ ಮಾಡಿ ಸ್ಟಡ್‌ಗೆ ಏರಸು, ನಟ್ ಎರಡ್ಮೂರ್ ಸುತ್ತ್ ಅಷ್ಟ ಹಾಕಿ ಸಡಲ್ ಬಿಡು, ಈಗ ಡ್ರಮ್ ಎರಡೂ ಕೈಲೆ ಹಿಡದ್ ನಿನ್ನ ಕಡೆ ಜೋರ್ ಜಗ್ಗು. ಡ್ರಮ್ ಬಂದ್ ನಟ್‌ಗೆ ಧಡ್ ಅಂತ ಬಡೀತೈತಿ, ಅದ ಸ್ಲೈಡ್ ಹ್ಯಾಮರ್. ನಾಕನೇ ಏಟಿಗೆ ಶಾಫ್ಟ್ ಒಂದ್ ಬೆರಳ ಹೊರಗ ಬಂತು, ಆರನೇದಕ್ಕ ನಾ ಡ್ರಮ್ ಸಮೇತ ಹಿಂದಕ್ಕ ಕುಕ್ಕರಗಾಲಲೆ ಬಿದ್ದೆ. ಅಕ್ಕನ ಮಗ ನಕ್ಕಿದ್ದು ಬಾಜೂ ಮನೀಗೂ ಕೇಳಿರ್ಬೇಕು.

ಶಾಫ್ಟ್ ಮ್ಯಾಲ ಸೀಲ್ ತುಟಿ ಕುಂದ್ರೋ ಜಾಗಾದಾಗ ಉಗರ ಎಳದ್ ನೋಡ್ಬೇಕು. ಉಗರ ಗೀರಿನ್ಯಾಗ ಸಿಕ್ಕೊಂಡ್ರ ಎಷ್ಟ್ ಹೊಸಾ ಸೀಲ್ ಹಾಕಿದ್ರೂ ಸೋರ್ತೈತಿ. ನನ್ನ ದೈವ ಚಲೋ, ಗೆರಿ ಕಾಣ್ತಿತ್ತು, ಉಗರಿಗೆ ಹತ್ತಲಿಲ್ಲ. ಬೇರಿಂಗ್ ತಿರುವಿ ನೋಡ್ದೆ, ಗರಗರ ಇರ್ಲಿಲ್ಲ. ಹಳೇ ಸೀಲ್ ಕೆತ್ತಿ ತಗದು ಜಾಗಾ ಒರಸಿ, ಹೊಸಾದ್ರ ತುಟಿಗೆ ಒಂಚೂರ್ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಕಾಣೋ ಮಾರಿ ಆಯಿಲ್ ಇರೋ ಒಳಗಡೆಗೆ ಮಾಡಿ, ದೊಡ್ಡ ಸಾಕೆಟ್ ಇಟ್ಟು ಸುತ್ತಲೂ ಸಮ ಆಗೂ ಹಂಗ ಸಣ್ಣ ಏಟ್ ಹಾಕಿ ಕುಂದ್ರಸ್ದೆ. ಸೀಲ್‌ಗೆ ಕೊಟ್ಟ ರೊಕ್ಕದಾಗ ಎರಡ್ ಪ್ಲೇಟ್ ಗಿರಮಿಟ್ಟು ಮಿರ್ಚಿ ಬರ್ತಿತ್ತು, ಅಷ್ಟ. ಬಲಗಡೇದೂ ಬದಲಿ ಮಾಡ್ದೆ, ಅದೂ ಅದ ವಯಸ್ಸಿಂದು.

ಎಣ್ಣಿ ಕುಡದ ಶೂ ಪೆಟ್ರೋಲ್‌ಲೆ ತೊಳದು ಉಸುಕಿನ ಕಾಗದಲೆ ತಿಕ್ಕಿ ಹಾಕು ಅಂತ ಕಾಕಾ ಅಂದ. ನಡ್ಯಂಗಿಲ್ರಿ. ಮ್ಯಾಲೆ ಒಣಗಿದಂಗ ಕಾಣ್ತೈತಿ, ಬ್ರೇಕ್ ಕಾದ ಕೂಡ್ಲೆ ಒಳಗ ಹೀರಿದ್ದ ಎಣ್ಣಿ ಬೆವತಂಗ ಮತ್ತ ಮ್ಯಾಲ ಬರ್ತೈತಿ. ಎರಡೂ ಕಡೆ ನಾಕೂ ಶೂ ಹೊಸಾವ ಹಾಕ್ದೆ. ಒಂದ ಕಡೆ ಹಾಕಿದ್ರ ಗಾಡಿ ಬ್ರೇಕ್ ಹಾಕಿದಾಗ ಆ ಕಡೆ ಜಗ್ಗತೈತಿ. ಒಳಗಿನ ಧೂಳ ಗಾಳಿ ಹೊಡದ್ ಊದಬ್ಯಾಡ್ರಿ, ಹಳೇ ಶೂನ್ಯಾಗ ಆಸ್ಬೆಸ್ಟಾಸ್ ಇರಬಹುದು, ಒದ್ದಿ ಅರವಿಲೆ ಒರಸ್ರಿ. ಡ್ರಮ್ ಮ್ಯಾಲ ಎಷ್ಟ್ ವ್ಯಾಸದ ತನಕ ನಡೀತೈತಿ ಅಂತ ಎರಕದಾಗ ಬರದಿರ್ತೈತಿ, ಲೇಥ್ ಅಂಗಡ್ಯಾಗ ಅಳಸ್ದೆ, ಜಾಗಾ ಇತ್ತು, ಬದು ಕೆತ್ತಿಸಿ ಸಮ ಮಾಡ್ಸಿದೆ.

ಬಲಗಡೆ ಅಡ್ಜಸ್ಟರ್ ಒಂದ್ ರಾತ್ರಿ ಡೀಸೆಲ್‌ನ್ಯಾಗ ನೆನಿ ಹಾಕಿ ತಂತಿ ಬ್ರಶ್ ಹೊಡದ್ ಮ್ಯಾಲ ಬೆರಳಲೆ ಆಡಾಕತ್ತು. ಜೋಡ್ಸಿ ಡ್ರಮ್ ಹಾಕಿ ಕೇಬಲ್ ಇನ್ನೂ ಸಡಲ್ ಇದ್ದಾಗ ಪೆಡಲ್ ಒತ್ತಿ ಒತ್ತಿ ಬಿಟ್ರ ಒಳಗಿಂದ ಟಿಕ್ ಟಿಕ್ ಸಪ್ಪಳ, ಒಂದ್ ಹತ್ತ್ ಸಲ ಆದ್ಮ್ಯಾಲೆ ಸಪ್ಪಳ ನಿಂತು ಪೆಡಲ್ ಮ್ಯಾಲ ಬಂತು. ಆಮ್ಯಾಲೆ ಕೇಬಲ್, ಐದನೇ ಹಲ್ಲಿಗೆ ಗಟ್ಟಿ ಹಿಡ್ಯೂ ಹಂಗ, ಲಿವರ್ ಬಿಟ್ಟಾಗ ಎರಡೂ ಗಾಲಿ ಸಲೀಸ ತಿರಗೂ ಹಂಗ.

ಬ್ರೇಕ್ ಲೈನ್‌ನ್ಯಾನ ಗಾಳಿ ತಗ್ಯೂದು ಉಳದಿತ್ತು. ಮಾಸ್ಟರ್ ಸಿಲಿಂಡರ್‌ನಿಂದ ದೂರ ಇರೋ ಹಿಂದಿನ ಎಡಗಾಲಿ ಮೊದ್ಲ. ಗಾಳಿ ಹೊರಗ ಬಿಡೋ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಚ್ಚಿ ಇನ್ನೊಂದ್ ತುದಿ ಬಾಟ್ಲ್ಯಾನ ಆಯಿಲ್‌ನ್ಯಾಗ ಮುಳಗಿಸಿ, ನಾ ತೆಳಗ, ಹುಡುಗ ಮ್ಯಾಲ.

"ಒತ್ತು. ಹಿಡಿ. ಹಿಡಕೊಂಡಿಯೇನು?"

"ಹಿಡಕೊಂಡೀನಿ ಮಾಮಾ. ಕಾಲ್ ನೋಯ್ತೈತಿ, ಬಿಡ್ಲ್ಯಾ?"

"ಬಿಡಬ್ಯಾಡೋ! ನಾ ನಿಪ್ಪಲ್ ಮುಚ್ಚೂ ತನಾ ಬಿಡಬ್ಯಾಡ!"

ಬಿಟ್ಟ. ಗುಳ್ಳಿ ವಾಪಸ್ ಒಳಗ ಹೋತು. ಮತ್ತ ಮೊದಲಿಂದ. ಐಸ್‌ಕ್ರೀಮ್ ಕೊಡಸ್ತೀನಿ ಅಂದ್ಮ್ಯಾಲೆ ಸರಿಯಾಗಿ ಹಿಡದ. ಡಬ್ಬಿ ಖಾಲಿ ಆಗದಂಗ ನಡನಡಕ ತುಂಬ್ಕೋತ, ಪೈಪ್‌ನ್ಯಾಗ ಗುಳ್ಳಿ ಬರೂದ್ ನಿಲ್ಲೂ ತನಕ, ನಾಕೂ ಗಾಲಿದು ಮುಗಿಸೂದ್ರಾಗ ಕತ್ತಲಾತು. ಬ್ರೇಕ್ ಆಯಿಲ್ ಬಣ್ಣಕ್ಕ ಬಿದ್ರ ಬಣ್ಣ ಕಿತ್ ಬರ್ತೈತಿ, ನಮ್ಮ ಗಾಡಿಗೆ ಆ ಚಿಂತಿ ಇಲ್ಲ.

ಬಿಚ್ಚೂಕಿಂತ ಮೊದ್ಲ ಖಾಲಿ ಲೇಔಟ್ ರೋಡಿನ್ಯಾಗ 30ರ ಸ್ಪೀಡ್‌ನ್ಯಾಗ ಸುಣ್ಣದ ಗೆರಿ ಹತ್ರ ಬ್ರೇಕ್ ಹಾಕಿ ಅಳದಿದ್ದೆ, ನಿಲ್ಲಾಕ 14 ಹೆಜ್ಜಿ. ಹೊಸಾ ಶೂ ಕೂತ್ಕೊಳ್ಳಿ ಅಂತ ಎರಡ್ ದಿನ ಹಗೂರ್ಕ ಓಡ್ಸಿ ಅದ ಗೆರಿ, ಅದ ಸ್ಪೀಡ್, ಅದ ಚಪ್ಪಲಿ: 9 ಹೆಜ್ಜಿ. ಬ್ರಿಜ್ ಏರಿನ ಮ್ಯಾಲ ಐದನೇ ಹಲ್ಲಿಗೆ ನಿಂತು ಅಲ್ಲಾಡ್ಲಿಲ್ಲ.

ಪಾಸಿಂಗ್ ದಿನ ಸಾಹೇಬ್ರು ಚಾಸಿ ನಂಬರ್ ನೋಡಿ, ಲೈಟ್ ಹಚ್ಚಿಸಿ, ತಾವ ಕುಂತ್ ಹತ್ತಿಪ್ಪತ್ ಮಾರು ಓಡ್ಸಿ ಗಪ್ಪನ್ನ ಬ್ರೇಕ್ ಹಾಕಿದ್ರು, ಹ್ಯಾಂಡ್‌ಬ್ರೇಕ್ ಎಳದ್ ಒಂದ್ಸಲ ಗಾಡಿ ದೂಕಿಸಿದ್ರು, ಮುಂದಿನ ಗಾಡಿಗೆ ಹೋದ್ರು. ಐದ್ ದಿನದ ಕೆಲಸ ಐದ್ ನಿಮಿಷದಾಗ ಮುಗೀತು. ಅಪ್ಪ ಮಾತ್ರ ಪೆಡಲ್ ಭಾಳ ಮ್ಯಾಲ ಆಗೇತಿ, ಕಾಲಿಗೆ ರೂಢಿ ಇಲ್ಲ ಅಂತ ಒಂದ್ ವಾರ ಬೈದ.

ಹದಿನೈದ್ ದಿನ ಬಿಟ್ಟು, ಲಿಂಬಿಕಾಯಿ ಚೀಲ ಹೇರಿ ಮೂರ್ ಟ್ರಿಪ್ ಆದ್ಮ್ಯಾಲೆ, ಎಡಗಡೆ ಡ್ರಮ್ ಮತ್ತೊಮ್ಮೆ ತಗದೆ. ಬಿಳೆ ಅರವಿ ಒಳಗ ಆಡ್ಸಿದ್ರ ಒಣ ಬೂದಿ ಅಷ್ಟ ಬಂತು, ಎಣ್ಣಿ ಇಲ್ಲ. ಬ್ರೀದರ್ ಟೊಪ್ಪಿಗಿ ಬೆರಳಲೆ ತಿರುವಿದ್ರ ತಿರಗ್ತೈತಿ, ಅದ್ರ ಸುತ್ತ ಹೊಸಾ ಎರಿ ಮಣ್ಣು ಆಗಲೇ ಒಂದ್ ಪದರ ಹತ್ತೇತಿ. ಕೆತ್ತಿ ಹಾಕ್ದೆ.